ನೀಲತ್ತೆ ನೀಲಮ್ಮ ಆದದ್ದು

ನಮ್ಮ ಮನೆಯ ಕೊಟ್ಟಿಗೆಗೆ ಬಾಗಿಲಿರಲಿಲ್ಲ. ಬಾಗಿಲು ಕೂರುವ ಕುಳಿ ಹೊಸ್ತಿಲ ಕಲ್ಲಿನಲ್ಲಿ ಹಾಗೇ ಇತ್ತು, ಚೌಕಟ್ಟೂ ಗಟ್ಟಿಯಾಗೇ ಇತ್ತು, ಬಾಗಿಲು ಮಾತ್ರ ಇಲ್ಲ. ಅಡ್ಡಕ್ಕೆ ಎರಡು ಬಿದಿರು ಗಳ ಸಿಕ್ಕಿಸಿ ದನ ತಡೆಯುತ್ತಿದ್ದೆವು. ಕರು ಅದರಡಿ ನುಸುಳಿ ಹೋಗಿ ಹಾಲೆಲ್ಲ ಕುಡಿದುಬಿಡುತ್ತಿತ್ತು. ಬಂದವರು ಯಾರಾದರೂ ಇಷ್ಟು ತೋಟ ಇಟ್ಟುಕೊಂಡು ಒಂದು ಬಾಗಿಲು ಮಾಡಿಸಲಾಗದೇ ಎಂದರೆ ಅಪ್ಪ ಗೆದ್ದಲು ತಿಂತು ಎನ್ನುತ್ತಿದ್ದ. ಗೆದ್ದಲು ತಿಂದಿರಲಿಲ್ಲ. ಹಲಸಿನ ಮರದ ಬಾಗಿಲು ಅದು, ಗೆದ್ದಲಿನ ಅಪ್ಪನಿಗೂ ಜಗ್ಗುತ್ತಿರಲಿಲ್ಲ. ಆ ಬಾಗಿಲು ಎಲ್ಲಿ ಹೋಯಿತು ಎಂದು ಹೇಳಹೊರಟರೆ ನೀಲತ್ತೆಯ ವಿಷಯ ಹೇಳಬೇಕಾಗುತ್ತದೆ. ನೀಲತ್ತೆಯ ವಿಷಯ ಹೇಳಲು ನಮ್ಮ ಮನೆಯಲ್ಲಿ ಯಾರಿಗೂ ಮುಖವಿರಲಿಲ್ಲ. ನನಗೂ ಇಲ್ಲ. ಆದರೆ ಉಳಿದವರೆಲ್ಲ ಒಬ್ಬೊಬ್ಬರಾಗಿ ಹೊರಟುಹೋದರು, ಇನ್ನು ನಾನೂ ಬಾಯಿ ಮುಚ್ಚಿಕೊಂಡರೆ ಆ ಗೆದ್ದಲೇ ಗೆದ್ದ ಹಾಗಾಗುತ್ತದೆ.

ಮನೆ ಕಿಬ್ಬನಹಳ್ಳಿ ಕ್ರಾಸಿನಿಂದ ಹುಳಿಯಾರಿನ ಕಡೆ ಹೋಗುವ ರಸ್ತೆಗೆ ತಾಗಿಕೊಂಡೇ ಇತ್ತು. ಮುಂದೆ ಉದ್ದನೆಯ ಕಲ್ಲು ಜಗಲಿ, ಒಳಗೆ ನಡುಮನೆ, ಅದರ ಮೇಲೆ ಅಟ್ಟ, ಅಟ್ಟದ ತುಂಬ ಕಾಯಿ. ನಮ್ಮ ಕಡೆ ಕಾಯನ್ನು ಕಿತ್ತ ಕೂಡಲೇ ಮಾರುವುದಿಲ್ಲ. ಹೆಚ್ಚುಕಡಿಮೆ ವರ್ಷ ಅಟ್ಟದಲ್ಲಿ ಬಿಟ್ಟರೆ ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಒಲೆಯ ಹೊಗೆ ಮೇಲಕ್ಕೇರಿ ಕಾಯಿಗೆ ಬೆಚ್ಚಗಾಗುತ್ತಿತ್ತು, ನಮ್ಮ ಕಣ್ಣಿಗೆ ಉರಿಯಾಗುತ್ತಿತ್ತು. ಒಳ್ಳೇ ಜಾಗವೆಲ್ಲ ಕಾಯಿಗೆ, ಮಿಕ್ಕಿದ್ದು ಮನುಷ್ಯರಿಗೆ ಎಂದು ಅವ್ವ ಗೊಣಗುತ್ತಿದ್ದಳು. ಹಿತ್ತಲಲ್ಲಿ ಕೊಬ್ಬರಿ ಸುಲಿಯುವ ಶೆಡ್ಡು, ಅದಕ್ಕಂಟಿಕೊಂಡು ಕೊಟ್ಟಿಗೆ. ಮನೆಗೆ ಯಾರೇ ಬರಲಿ ಮೊದಲು ಎಳನೀರು, ಕಾಫಿ ಆಮೇಲೆ. ದಾರಿಹೋಕರು ಬಾಯಾರಿಕೆ ಎಂದು ಜಗಲಿಯ ಮೇಲೆ ಕೂತರೆ ಯಾವೂರು ಏನು ಎಂದು ಕೇಳುವ ಮೊದಲೇ ಅಜ್ಜಿ ಎಳನೀರು ಕೆತ್ತಿಸಿಬಿಡುತ್ತಿದ್ದಳು. ಈ ಒಂದು ವಿಷಯದಲ್ಲಿ ನಮ್ಮನೆಗೆ ಒಳ್ಳೆಯ ಹೆಸರಿತ್ತು, ಅಜ್ಜಿಗೆ ಅದರ ಜಂಬವೂ ಇತ್ತು.

ನೀಲತ್ತೆ ಅಪ್ಪನ ಅಕ್ಕ. ಹೊನ್ನವಳ್ಳಿ ಕಡೆ ಕೊಟ್ಟಿದ್ದರು. ಮದುವೆಯಾಗಿ ಹೆಚ್ಚು ಕಾಲ ಆಗಿರಲಿಲ್ಲ, ಮಾವ ತೋಟದಲ್ಲಿ ಮರದಿಂದ ಬಿದ್ದರು. ಬಿದ್ದವರನ್ನು ಕಂಡ ಕೂಡಲೇ ನಮ್ಮ ತೆಂಗಿನ ಸೀಮೆಯ ಜನ ಮಾಡುವುದು ಎರಡೇ ಕೆಲಸ. ರಟ್ಟೆ ಹಿಡಿದು ಎತ್ತಿ ಕೂರಿಸುವುದು, ಬಾಯಿಗೆ ಎಳನೀರು ಬಿಡುವುದು. ಪ್ರೀತಿಯಿಂದಲೇ ಮಾಡುತ್ತಾರೆ, ಬೈಯುವಂತಿಲ್ಲ. ಮಾವನನ್ನೂ ಹಾಗೇ ಎತ್ತಿ ಕೂರಿಸಿದರು, ಕತ್ತು ಪಕ್ಕಕ್ಕೆ ವಾಲಿತು. ಎಚ್ಚರವಿಲ್ಲದ ಬಾಯಿಗೆ ಎಳನೀರು ಹುಯ್ದರು. ಗಾಡಿ ಕಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕುಡೀರಿ ಕುಡೀರಿ ಎಂದು ಎಳನೀರಿನ ಬುರುಡೆ ಹಿಡಿದವಳು ನೀಲತ್ತೆಯೇ. ಇದನ್ನು ಬೇರೆ ಯಾರೂ ಹೇಳಲಿಲ್ಲ, ಹುರುಳಿಯಲ್ಲಿ ಕಲ್ಲು ಆರಿಸುತ್ತ ಕೂತಾಗ ಅವಳೇ ನನಗೆ ಹೇಳಿದಳು. ಹೇಳಿ, ಮೊರ ಕೇರಿ, ಮತ್ತೆ ಆರಿಸತೊಡಗಿದಳು.

ತವರಿಗೆ ಬಂದು ಮೂಲೆ ಹಿಡಿದಿದ್ದವಳನ್ನು ಯಾರೋ ತಿಪಟೂರಿನಲ್ಲಿ ನಡೆದ ಪ್ರಥಮ ಚಿಕಿತ್ಸೆಯ ಶಿಬಿರಕ್ಕೆ ಕರೆದುಕೊಂಡು ಹೋದರಂತೆ. ಹೊತ್ತು ಹೋಗಲಿ ಎಂದು, ಅಷ್ಟೇ. ಅಲ್ಲಿ ಡಾಕ್ಟರೊಬ್ಬರು ಬಿದ್ದವರನ್ನು ಎತ್ತಿ ಕೂರಿಸಬಾರದು, ಎಚ್ಚರವಿಲ್ಲದವರಿಗೆ ಏನೂ ಕುಡಿಸಬಾರದು ಎಂದರು. ಇವಳು ಎದ್ದು ನಿಂತು, ಕುಡಿಸಿದರೆ ಏನಾಗುತ್ತೆ ಎಂದು ಕೇಳಿದಳು. ಉಸಿರು ಕಟ್ಟಿ ಹೋಗಿಬಿಡುತ್ತಾರೆ ಎಂದರು ಅವರು. ನೀಲತ್ತೆ ಕೂತುಕೊಂಡಳು. ಶಿಬಿರ ಮುಗಿದ ಮೇಲೆ ಉಳಿದ ಹೆಂಗಸರು ಮನೆಗೆ ಬಂದರು, ಇವಳು ಡಾಕ್ಟರ ಹಿಂದೆ ಬಿದ್ದಳು. ಆಸ್ಪತ್ರೆಗೆ ಹೋಗಿಬಂದು ಮಾಡುತ್ತ ರಕ್ತ ನಿಲ್ಲಿಸುವುದು, ಮೂಳೆ ಕಟ್ಟುವುದು, ಹಾವು ಕಚ್ಚಿದವರನ್ನು ಓಡಾಡಲು ಬಿಡದೆ ಸಾಗಿಸುವುದು, ಎಲ್ಲವನ್ನೂ ಕಲಿತಳು. ಆಮೇಲೆ ಊರೂರು ತಿರುಗಲು ಶುರುಮಾಡಿದಳು. ಒಂದೊಂದು ಊರಿನಲ್ಲೂ ಒಂದು ಮನೆ ಹಿಡಿದು, ಗೋಡೆಗೆ ಒಂದು ಉದ್ದನೆ ಹಲಗೆ ಒರಗಿಸಿಡುವಂತೆ ಕಟ್ಟುಮಾಡಿದಳು. ಆ ಹಲಗೆಯ ಮೇಲೆ ಯಾರೂ ಹಪ್ಪಳ ಒಣಗಿಸಬಾರದು, ಬಟ್ಟೆ ಒಗೆಯಬಾರದು. ಬಿದ್ದವರನ್ನು ಅದರ ಮೇಲೆ ಮಲಗಿಸಿಯೇ ತರಬೇಕು. ಜನ ಅದನ್ನು ನೀಲಮ್ಮನ ಹಲಗೆ ಎಂದರು. ಕ್ರಾಸಿನ ಟೀ ಅಂಗಡಿಯವರು, ಸೈಕಲ್ ಶಾಪಿನವರು, ಕೊಬ್ಬರಿ ಸಾಗಿಸುವ ಟೆಂಪೋದವರು, ಬಸ್ಸಿನ ಕಂಡಕ್ಟರುಗಳು ಎಲ್ಲರೂ ಅವಳ ದಂಡು. ಹೆದ್ದಾರಿಯಲ್ಲಿ ಏನಾದರೂ ಆದರೆ ಯಾವುದೋ ಬಸ್ಸು ನಮ್ಮನೆ ಮುಂದೆ ನಿಂತು ಹಾರನ್ ಹೊಡೆಯುತ್ತಿತ್ತು. ಅತ್ತೆ ಹಿಟ್ಟಿನ ಕೈಯನ್ನು ಸೆರಗಿಗೊರಸಿಕೊಂಡು ಹತ್ತಿಬಿಡುತ್ತಿದ್ದಳು.

ಅವಳ ಮೊದಲ ಪಾಠ ಎತ್ತುವುದಲ್ಲ, ಎತ್ತದೇ ಇರುವುದು. ಕೊಬ್ಬರಿ ಶೆಡ್ಡಿನಲ್ಲಿ ಭಾನುವಾರ ಅವಳ ದಂಡು ಕಲಿಯಲು ಸೇರಿದಾಗಲೆಲ್ಲ ಮರದಿಂದ ಬಿದ್ದವಳು ನಾನು. ನನ್ನನ್ನು ಅಂಗಾತ ಮಲಗಿಸಿ, ಅಲುಗಬ್ಯಾಡ ಕಣೇ ಎಂದು ಗದರಿ, ತಲೆಯ ಹಿಂದೆ ಮೊಣಕಾಲೂರಿ ಎರಡೂ ಕೈಯನ್ನು ನನ್ನ ಕಿವಿಯ ಮೇಲಿಟ್ಟು ತಲೆ ಹಿಡಿಯುತ್ತಿದ್ದಳು. ಅಂಗೈ ತುಂಬ ಕೊಬ್ಬರಿ ಎಣ್ಣೆ ವಾಸನೆ, ಉಗುರಿನ ಸಂದಿಯಲ್ಲಿ ಟಿಂಕ್ಚರ್ ವಾಸನೆ. ತಲೆ ಹಿಡಿದವರ ಮಾತೇ ಮಾತು, ಅವರು ಹೇಳುವವರೆಗೆ ಯಾರೂ ಕೈ ಹಾಕಬಾರದು. ಎತ್ರಪ್ಪ ಎಂದಾಗ ಎಲ್ಲರೂ ಒಟ್ಟಿಗೇ ಎತ್ತಬೇಕು. ಗೊತ್ತಿಲ್ದೋರು ಎತ್ತಬಾರ್ದು ಎಂಬುದನ್ನು ಅವಳು ಮಗ್ಗಿ ಹೇಳಿಸುವ ಹಾಗೆ ಅವರ ಬಾಯಲ್ಲಿ ಹೇಳಿಸುತ್ತಿದ್ದಳು. ನನ್ನ ಇಡೀ ಬಾಲ್ಯದಲ್ಲಿ ಅಷ್ಟು ಜೋಪಾನವಾಗಿ ನನ್ನನ್ನು ಇನ್ನಾರೂ ಹಿಡಿದಿಲ್ಲ.

ಇಷ್ಟಾದರೂ ನನಗೆ ಅವಳ ಬಗ್ಗೆ ನಾಚಿಕೆಯಿತ್ತು. ಯಾಕೆ ಸುಳ್ಳು ಹೇಳಲಿ. ಸೆರಗಿನ ಮೇಲೆ ಯಾರದೋ ರಕ್ತ, ಲಾರಿಯ ಮುಂದಿನ ಸೀಟಿನಲ್ಲಿ ಗಂಡಸರ ನಡುವೆ ಕೂತು ಬರುವ ವಿಧವೆ. ಇಸ್ಕೂಲಿನಲ್ಲಿ ಹುಡುಗಿಯರು ನಿಮ್ಮತ್ತೆ ಹೆಣ ಹೊರ್ತಾಳಂತೆ ಎಂದು ಮೂಗು ಹಿಡಿದುಕೊಳ್ಳುತ್ತಿದ್ದರು. ಮನೆಯಲ್ಲಿ ಅಜ್ಜಿಯದು ಇನ್ನೊಂದು. ಲಿಂಗ ಕಟ್ಟಿಕೊಂಡವರಿಗೆ ಸೂತಕವೇ ಇಲ್ಲ ಎಂದು ಪಕ್ಕದ ಮನೆಯವರಿಗೆ ಉಪದೇಶ ಮಾಡುವ ಅಜ್ಜಿ, ಮಗಳಿಗೆ ಮಾತ್ರ ಹಿತ್ತಲಲ್ಲಿ ಬೇರೆ ಒಲೆ ಹಾಕಿ ನೀರು ಕಾಯಿಸುತ್ತಿದ್ದಳು. ಅಲ್ಲೇ ಮಿಂದು, ಬಟ್ಟೆ ಬದಲಿಸಿ ಒಳಗೆ ಬರಬೇಕು. ಯಾಕವ್ವ ಎಂದು ಮಗಳು ಕೇಳಿದರೆ ಸೂತಕ ಅಲ್ಲ ಕಣೇ, ಚೊಕ್ಕಟ ಎನ್ನುತ್ತಿದ್ದಳು. ನೀಲತ್ತೆ ನಗುತ್ತಿದ್ದಳು. ನಕ್ಕು, ಮಿಂದು, ಒದ್ದೆ ಕೂದಲು ಗಂಟು ಹಾಕಿಕೊಂಡು ಬಂದು ಒಲೆ ಮುಂದೆ ಕೂತು ತಣ್ಣಗಾದ ಮುದ್ದೆ ಉಣ್ಣುತ್ತಿದ್ದಳು. ಅಪ್ಪ ಅವಳ ಪಕ್ಕದಲ್ಲೇ ಕೂತು ಯಾರಿಗೆ ಏನಾಯಿತು, ಉಳಿದರೋ ಇಲ್ಲವೋ ಎಂದು ಕೇಳುತ್ತಿದ್ದ. ಮಾತಿಗೊಮ್ಮೆ ಅಕ್ಕ, ಅಕ್ಕ. ಅಕ್ಕ ಎಂದರೆ ಅವನಿಗೆ ಪ್ರಾಣ. ಇದನ್ನು ಹೇಳದಿದ್ದರೆ ಮುಂದಿನದು ನಿಮಗೆ ಸುಲಭವಾಗಿಬಿಡುತ್ತದೆ, ಅಪ್ಪನನ್ನು ಕೆಟ್ಟವನು ಎಂದು ತಳ್ಳಿಹಾಕಿ ಕೈ ತೊಳೆದುಕೊಳ್ಳುತ್ತೀರಿ.

ನನ್ನಕ್ಕ ಶಾರದಕ್ಕನಿಗೆ ಗಂಡು ನೋಡುವ ಕಾಲ ಬಂತು. ಎರಡು ಕಡೆಯವರು ಬಂದು ನೋಡಿ, ಒಪ್ಪಿದ ಹಾಗೆ ಮಾಡಿ, ಆಮೇಲೆ ಮಾತೇ ಇಲ್ಲ. ನಿಮ್ಮನೇಲಿ ಒಬ್ಬಾಕೆ ಕಂಡೋರ ಮೈ ಮುಟ್ಕೊಂಡು ರಸ್ತೆ ಮೇಲಿರ್ತಾಳಂತಲ್ಲ ಎಂದು ಯಾರೋ ಅಂದರೆಂಬ ಸುದ್ದಿ ಬಂತು. ಅಂದರೋ, ಅಜ್ಜಿಯೇ ಹಾಗೆ ಲೆಕ್ಕ ಹಾಕಿಕೊಂಡಳೋ, ದೇವರಿಗೇ ಗೊತ್ತು. ಮೂರನೆಯ ಸಂಬಂಧ ತುರುವೇಕೆರೆಯಿಂದಾಚೆ. ಒಳ್ಳೇ ಹುಡುಗ, ಮೇಷ್ಟ್ರ ಕೆಲಸ, ಮನೆಯವರು ತುಂಬ ಆಚಾರದವರು ಎಂದು ಸಂಬಂಧ ತಂದವರು ಎಚ್ಚರಿಸಿದ್ದರು. ಶಾರದಕ್ಕ ಹುಡುಗನನ್ನು ಯಾರದೋ ಮದುವೆಯಲ್ಲಿ ನೋಡಿದ್ದಳು, ಇದೂ ತಪ್ಪಿದರೆ ಬಾವಿ ಇದೆಯಲ್ಲ ಎಂದು ನನ್ನೊಬ್ಬಳ ಮುಂದೆ ಅಂದಿದ್ದಳು. ಅವರು ಬರುವ ದಿನ ನೀನು ಶೆಡ್ಡಿನಲ್ಲೇ ಇದ್ದುಬಿಡು ಎಂದು ಅಜ್ಜಿ ಮಗಳಿಗೆ ಹೇಳಿದಳು. ನೀಲತ್ತೆ ಆಯ್ತು ಬುಡವ್ವ ಎಂದಳು. ಬೆಳಿಗ್ಗೆ ಎದ್ದು ಶಾರದಕ್ಕನಿಗೆ ಜಡೆ ಹಾಕಿ, ಕೇಸರಿಬಾತಿಗೆ ರವೆ ಹುರಿದುಕೊಟ್ಟು, ಅವಳಷ್ಟಕ್ಕೆ ಅವಳು ಹೋಗಿ ಕೊಬ್ಬರಿ ಸುಲಿಯುತ್ತ ಕೂತಳು.

ಬೀಗರಾಗುವವರು ಬಂದು ನಡುಮನೆಯ ಚಾಪೆಯ ಮೇಲೆ ಕೂತರು. ಅಜ್ಜಿ ಎಳನೀರು ಕೊಡಿಸಿದಳು. ಶಾರದಕ್ಕ ಬಂದು ನಮಸ್ಕಾರ ಮಾಡಿದಳು. ಹುಡುಗನ ತಾಯಿ ಅವಳನ್ನು ಹತ್ತಿರ ಕೂರಿಸಿಕೊಂಡು ಏನೋ ಕೇಳುತ್ತಿದ್ದರು. ನಾನು ಕೊಬ್ಬರಿ ಮಿಠಾಯಿಯ ತಟ್ಟೆ ಹಿಡಿದು ಕಿಟಕಿಯ ಪಕ್ಕ ನಿಂತಿದ್ದೆ. ಆಗ ಹೊರಗೆ ಧೊಪ್ ಎಂದಿತು, ಆಮೇಲೆ ಕೂಗು. ಪಕ್ಕದ ತೋಟದಲ್ಲಿ ಹುಳಿಯಾರಿನ ಕಡೆಯಿಂದ ಬಂದ ಕಾಯಿ ಕೀಳುವವರ ಗುಂಪಿತ್ತು, ಅವರಲ್ಲೊಬ್ಬ ಬಿದ್ದಿದ್ದ. ನೀಲತ್ತೆ ಶೆಡ್ಡಿನಿಂದ ಓಡುವುದರೊಳಗೆ ಅವನ ಕಡೆಯವರು ಅವನನ್ನು ಅನಾಮತ್ತು ಎತ್ತಿಕೊಂಡು, ನೆರಳಿದೆ ಎಂದು ನಮ್ಮ ಜಗಲಿಯ ಮೇಲೇ ತಂದು ಮಲಗಿಸಿದ್ದರು. ಅಪ್ಪ ಎದ್ದು ಮೆಲ್ಲಗೆ ಮುಂಬಾಗಿಲು ಹಾಕಿದ. ಕಿಟಕಿ ಹಾಕುವುದು ಯಾರಿಗೂ ಹೊಳೆಯಲಿಲ್ಲ. ಬಿದ್ದವನಿಗೆ ಎಚ್ಚರವಿತ್ತು, ನೀರು, ನೀರು ಎಂದು ಗೋಗರೆಯುತ್ತಿದ್ದ. ಅವನ ಜೊತೆಯವನೊಬ್ಬ ಆಗಲೇ ಎಳನೀರು ಕೆತ್ತಿ ಬಾಯಿಯ ಹತ್ತಿರ ತಂದಿದ್ದ. ಅಂಗಾತ ಮಲಗಿದೋನಿಗೆ ಕುಡಿಸಿದ್ರೆ ಉಸಿರು ಕಟ್ತದೆ ಎಂದು ಗದರಿ ನೀಲತ್ತೆ ಆ ಬುರುಡೆಯನ್ನು ಕಿತ್ತು ಅಂಗಳಕ್ಕೆ ಎಸೆದಳು. ಯಾವನನ್ನೂ ಹತ್ತಿರ ಬಿಡದೆ ಅವನ ತಲೆಯ ಹಿಂದೆ ಕೂತು ಎರಡೂ ಕೈಯಲ್ಲಿ ಹಿಡಿದಳು.

ಒಳಗೆ ಹುಡುಗನ ತಂದೆ ಕಿವಿ ನಿಮಿರಿಸಿದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

“ಶಿವಲಿಂಗಪ್ಪನೋರೆ, ಯಾರೋ ಜಗಲಿ ಮ್ಯಾಲೆ ನೀರು ಕೇಳ್ತಾವ್ರಲ್ಲ. ಒಂದು ಎಳನೀರು ಕೊಡ್ಸಬಾರ್ದಾ?”

ಎಳನೀರಿಗೆ ಹೆಸರಾದ ಮನೆ ನಮ್ಮದು. ಅಪ್ಪ ಎದ್ದು ಹೋಗಿ ಬಾಗಿಲನ್ನು ಅರ್ಧ ತೆರೆದ. ನೀಲತ್ತೆ ಇನ್ನೊಬ್ಬನಿಗೆ ತಲೆ ಹಿಡಿಯಲು ಕೊಟ್ಟು ಹೊಸ್ತಿಲಿಗೆ ಬಂದಿದ್ದಳು. ಕುಡಿಸುವುದು ಬೇಡ, ಗೋಡೆಗೆ ಒರಗಿಸಿರುವ ಹಲಗೆ ಕೊಡು, ಬೆನ್ನು ಹೋಗಿದೆ, ಬೇಗ ಎಂದಳು. ಹಲಗೆ ಇದ್ದದ್ದು ನಡುಮನೆಯಲ್ಲಿ, ಬೀಗರ ಬೆನ್ನ ಹಿಂದೆ. ಅದನ್ನು ತರಬೇಕೆಂದರೆ ಎಲ್ಲರನ್ನೂ ಎಬ್ಬಿಸಬೇಕು, ಎಲ್ಲವನ್ನೂ ಹೇಳಬೇಕು. ಅಪ್ಪ ಒಂದು ಗಳಿಗೆ ಅಕ್ಕನ ಮುಖ ನೋಡಿದ. ಒಳಗೆ ತಿರುಗಿ ಶಾರದಕ್ಕನನ್ನು ನೋಡಿದ. ಆಮೇಲೆ ಬಾಗಿಲು ಮುಂದಕ್ಕೆಳೆದುಕೊಂಡು ಬಂದು ಕೂತ.

“ನಮ್ಮನೆ ಕೆಲಸದೋಳು. ಯಾರೋ ಬಿದ್ದವ್ನೆ ಅಂತೆ. ಅವಳು ನೋಡ್ಕೋತಾಳೆ, ನೀವು ಕುಡೀರಿ.”

ನೀಲತ್ತೆ ಹೊಸ್ತಿಲಾಚೆಗೇ ಇದ್ದಳು. ಕಿಟಕಿಯಲ್ಲಿ ನನಗೆ ಅವಳ ಮುಖ ಕಂಡಿತು. ಆ ಮುಖ ಹೇಗಿತ್ತು ಎಂದು ವರ್ಣಿಸಲು ನನ್ನಿಂದಾಗದು. ಯಾರೋ ಹೆಸರು ಹಿಡಿದು ಕರೆದರೇನೋ ಎಂದು ಒಮ್ಮೆ ತಲೆಯೆತ್ತಿದಳು, ಅಷ್ಟೆ. ಸೆರಗು ಸಿಕ್ಕಿಸಿಕೊಂಡು ಹಿತ್ತಲಿಗೆ ನಡೆದಳು. ಕಾಯಿ ಕೀಳುವವರನ್ನು ಕರೆದು ಕೊಟ್ಟಿಗೆಯ ಬಾಗಿಲನ್ನು ಕುಳಿಯಿಂದ ಮೇಲಕ್ಕೆತ್ತಿಸಿ ಕಳಚಿದಳು. ಅದನ್ನು ಜಗಲಿಗೆ ತಂದು, ಅವನನ್ನು ಅದರ ಮೇಲೆ ಮಲಗಿಸಿ, ಗೋಣಿಚೀಲ ಸುತ್ತಿ, ತಲೆಯನ್ನು ಅಲುಗದ ಹಾಗೆ ಕಟ್ಟಿದಳು. ಎತ್ರಪ್ಪ ಎಂಬ ಅವಳ ಮಾತು ನಡುಮನೆಗೆ ಕೇಳಿಸಿತು. ಟೆಂಪೋ ಹೋದ ಸದ್ದು ಕೇಳಿಸಿತು. ಹುಡುಗನ ತಾಯಿ ಹೂವು ತರಿಸಿ ಶಾರದಕ್ಕನಿಗೆ ಮುಡಿಸಿದರು.

ಬಿದ್ದವನ ಹೆಸರು ಹನುಮಂತಣ್ಣ. ಬದುಕಿಕೊಂಡ. ಎಡಗಾಲು ಎಳೆಯುತ್ತ ನಡೆದರೂ ನಡೆದ. ಮತ್ತೆ ಮರ ಹತ್ತಲಿಲ್ಲ, ಕ್ರಾಸಿನಲ್ಲಿ ಒಂದು ಗೂಡಂಗಡಿ ಹಾಕಿಕೊಂಡು ನೀಲತ್ತೆಯ ಬಲಗೈಯಾದ. ಜಗಲಿಯ ಮೇಲೆ ಮಲಗಿದ್ದಾಗ ಅಪ್ಪನ ಮಾತು ಅವನ ಕಿವಿಗೂ ಬಿದ್ದಿತ್ತು. ಅವನ ಮಟ್ಟಿಗೆ ಅವಳು ಆ ಮನೆಯ ಕೆಲಸದಾಕೆ, ತನ್ನ ಜೀವ ಉಳಿಸಿದ ಅಮ್ಮ.

ಟೆಂಪೋದವರು ಅವಳನ್ನು ಸಂಜೆ ಮನೆಗೆ ತಂದು ಬಿಟ್ಟರು. ಅವಳು ಹಿತ್ತಲ ಒಲೆಯಲ್ಲಿ ನೀರು ಕಾಯಿಸಿಕೊಂಡು ಮಿಂದು ಬಂದಳು. ಅಪ್ಪ ಅಡುಗೆಮನೆಯ ಗೋಡೆಗೊರಗಿ ಕೂತಿದ್ದ, ತಲೆ ಎತ್ತಲಿಲ್ಲ. ಅಕ್ಕ, ನಾಳೆಯೇ ಹೋಗಿ ಅವರಿಗೆ ನಿಜ ಹೇಳಿಬಿಡುತ್ತೇನೆ ಎಂದ. ಅವ್ವ ಒಲೆಯ ಕಡೆ ತಿರುಗಿ ಅಳುತ್ತಿದ್ದಳು. ನೀಲತ್ತೆ ತಟ್ಟೆ ಎಳೆದುಕೊಂಡಳು.

“ಈಗ ಹೇಳಿದ್ರೆ ಸುಳ್ಳು ಹೇಳಿದ್ರು ಅಂತ ಹೆಣ್ಣು ಬ್ಯಾಡ ಅಂತಾರೆ. ಒಂದು ಮಾತಿಗೆ ಹುಡುಗಿ ಬಾಳು ಕೆಡಬಾರ್ದು ಕಣಪ್ಪ. ಹಂಗೇ ಇರ್ಲಿ ಬುಡು. ಕೆಲ್ಸ ಮಾಡೋಳ್ನ ಕೆಲಸದೋಳು ಅಂದೆ, ಅದ್ರಲ್ಲೇನು.”

ಅಪ್ಪನಿಗೆ ಅವಳು ಬೈದಿದ್ದರೆ ಚೆನ್ನಾಗಿತ್ತು. ಮರುದಿನ ಅಜ್ಜಿ ನಮ್ಮನ್ನೆಲ್ಲ ಕೂರಿಸಿಕೊಂಡು ಪಾಠ ಹೇಳಿದಳು. ಹೊರಗಿನವರು ಇದ್ದಾಗ ಅತ್ತೆ ಎನ್ನಬಾರದು, ನೀಲಮ್ಮ ಎನ್ನಬೇಕು. ಯಾರು ಹೊರಗಿನವರು, ಯಾರು ಒಳಗಿನವರು ಎಂದು ಮಕ್ಕಳಿಗೆ ಹೇಗೆ ತಿಳಿಯಬೇಕು? ಆದಕಾರಣ ಯಾವಾಗಲೂ ನೀಲಮ್ಮ ಅನ್ನುವುದೇ ಕ್ಷೇಮ ಎಂದಳು. ಊರಿನವರಿಗೆ ಎಲ್ಲ ಗೊತ್ತಿತ್ತು, ಹೆಣ್ಣುಮಗಳ ಮದುವೆಯ ವಿಷಯ ಎಂದು ಯಾರೂ ತುಟಿ ಬಿಚ್ಚಲಿಲ್ಲ. ಹೊರಗಿನವರು ಕೇಳಿದರೆ ನಂಗ್ಯಾರೂ ಇಲ್ಲ ಎಂದು ಅವಳೇ ಹೇಳಿಕೊಂಡು ಬಂದಳು. ಟ್ರಂಕು ಎತ್ತಿಕೊಂಡು ಶೆಡ್ಡಿಗೆ ಹೋದಳು. ಕೆಲಸದವಳು ನಡುಮನೆಯಲ್ಲಿ ಮಲಗಿದರೆ ಬೀಗರು ಏನೆಂದುಕೊಂಡಾರು ಎಂದು ನಕ್ಕಳು. ಕೊಟ್ಟಿಗೆಯ ಬಾಗಿಲನ್ನು ವಾಪಸು ಕೂರಿಸಲು ಅಪ್ಪ ಹೋದರೆ, ಅದು ಬ್ಯಾಡ, ಅದು ಇನ್ನು ನನ್ನ ಹಲಗೆ, ಮನೆಯದು ನಿಮಗೇ ಇರಲಿ ಎಂದಳು. ಅಷ್ಟು ಮಾತ್ರ ಅಂದಳು.

ಅಪ್ಪ ಹೇಳಬೇಕೆಂದೇ ಇದ್ದ. ಮದುವೆ ಆಗಲಿ ಎಂದ. ಮದುವೆಯಲ್ಲಿ ನೀಲತ್ತೆ ಅಡುಗೆಯವರ ಜೊತೆ ಕಾಯಿ ತುರಿಯುತ್ತ ಕೂತಿದ್ದಳು. ಹುಡುಗಿ ಅಲ್ಲಿ ಹೊಂದಿಕೊಳ್ಳಲಿ ಎಂದ, ಆಮೇಲೆ ಒಂದು ಮಗುವಾಗಲಿ ಎಂದ. ಮಗುವಾಯಿತು. ಬಾಣಂತನ ಮಾಡಿದ್ದೆಲ್ಲ ನೀಲತ್ತೆಯೇ, ಆದರೆ ಭಾವ ಮಗು ನೋಡಲು ಬಂದ ದಿನ ತೊಟ್ಟಿಲು ಬಿಟ್ಟು ಎದ್ದು ಹಿತ್ತಲಿಗೆ ಹೋದಳು. ನೀಲಮ್ಮ, ಕೈ ತೊಳೆಯೋಕೆ ಸ್ವಲ್ಪ ಬಿಸಿನೀರು ಎಂದು ಭಾವ ಗೌರವವಾಗೇ ಕೇಳಿದರು. ತಂದುಕೊಟ್ಟಳು. ಶಾರದಕ್ಕ ಗೋಡೆ ಕಡೆ ತಿರುಗಿ ಮಲಗಿದಳು. ಒಂದು ಸುಳ್ಳು ಹಳೆಯದಾದಷ್ಟೂ ಬಿಚ್ಚುವುದು ಕಷ್ಟ, ಅದರ ಮೇಲೆ ಸಂಬಂಧ, ಮಕ್ಕಳು, ಹಬ್ಬ ಎಲ್ಲ ಕೂತುಬಿಟ್ಟಿರುತ್ತವೆ. ಅಜ್ಜಿ ಹಾಸಿಗೆ ಹಿಡಿದಾಗ ಮಗ್ಗುಲು ಬದಲಿಸಿ, ಮೈ ಒರೆಸಿ, ಗಂಜಿ ಕುಡಿಸಿ ನೋಡಿಕೊಂಡವಳೂ ನೀಲತ್ತೆಯೇ. ಅಜ್ಜಿ ಕೊನೆಕೊನೆಗೆ ಮಗಳ ಕೈ ಹಿಡಿದು ಏನೋ ಹೇಳಲು ಬಾಯಿ ಆಡಿಸಿದಳು, ಅಷ್ಟರಲ್ಲಿ ನೋಡಲು ಬಂದ ಬೀಗಿತ್ತಿ ಒಳಗೆ ಕಾಲಿಟ್ಟರು. ಅಜ್ಜಿ ಕೈ ಬಿಟ್ಟಳು.

ನನ್ನದೂ ಹೇಳಬೇಕು. ನಾನಾಗ ಹೈಸ್ಕೂಲಿನಲ್ಲಿದ್ದೆ. ಶೆಡ್ಡಿನಲ್ಲಿ ನಾವಿಬ್ಬರೇ ಕೂತು ಕೊಬ್ಬರಿ ಸುಲಿಯುತ್ತಿದ್ದೆವು. ಅವಳು ಚಿಪ್ಪು ಒಡೆದು ಕೊಬ್ಬರಿಯನ್ನು ಇಡಿಯಾಗಿ ತೆಗೆದು ನನ್ನ ಕಡೆ ಉರುಳಿಸುತ್ತಿದ್ದಳು, ನಾನು ಕುಕ್ಕೆಗೆ ಹಾಕುತ್ತಿದ್ದೆ. ಮಾತಿಗೆ ಮಾತು ಬಂದು, ನೀಲಮ್ಮ, ಆ ಕುಕ್ಕೆ ಇತ್ತ ತಳ್ಳು ಎಂದೆ. ಅವಳ ಕೈ ನಿಂತಿತು. ಶೆಡ್ಡಿನ ಆಚೆ ಈಚೆ ನೋಡಿದಳು.

“ಯಾರೂ ಇಲ್ವಲ್ಲೇ ಇಲ್ಲಿ.”

ನನಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಕೈಯಲ್ಲಿದ್ದ ಕೊಬ್ಬರಿ ಕೆಳಗಿಟ್ಟೆ. ಅತ್ತೆ ಎನ್ನಲು ಬಾಯಿ ತೆರೆದೆ. ಆ ಮಾತು ಎಷ್ಟು ದಿನದಿಂದ ಆಡದೆ ಬಿಟ್ಟಿದ್ದೆನೋ, ಬೇರೆಯವರ ಬಟ್ಟೆ ತೊಟ್ಟ ಹಾಗೆ ಅನ್ನಿಸಿ ಹೊರಗೇ ಬರಲಿಲ್ಲ. ಅವಳೇ ಎದ್ದು ಕುಕ್ಕೆ ತಳ್ಳಿಕೊಟ್ಟಳು. ಮೊದಲು ನನಗೆ ಅವಳ ಬಗ್ಗೆ ನಾಚಿಕೆಯಿತ್ತು ಎಂದೆನಲ್ಲ, ಅಂದಿನಿಂದ ಆ ನಾಚಿಕೆ ನನ್ನ ಕಡೆ ತಿರುಗಿಕೊಂಡಿತು, ಇನ್ನೂ ತಿರುಗಿಯೇ ಇದೆ. ಇನ್ನೊಂದು ಕೇಳಿ. ಎಷ್ಟೋ ವರ್ಷಗಳಾದ ಮೇಲೆ, ನೀಲತ್ತೆಯೂ ಇಲ್ಲ, ಅಪ್ಪನೂ ಇಲ್ಲ ಎಂದಾದ ಮೇಲೆ, ಶಾರದಕ್ಕ ಧೈರ್ಯ ಮಾಡಿ ಗಂಡನಿಗೆ ಎಲ್ಲ ಹೇಳಿದಳಂತೆ. ಭಾವ ಓದುತ್ತಿದ್ದ ಪೇಪರು ಕೆಳಗಿಟ್ಟು, ಅಷ್ಟೇನಾ, ಅದಕ್ಕೇನೇ ಮುಚ್ಚಿಟ್ಟಿದ್ದು, ಅಂಥೋರು ನಮ್ಮೋರು ಅಂತ ಹೇಳ್ಕೊಂಡು ತಿರುಗ್ತಿದ್ದೆವಲ್ಲೇ ಎಂದರಂತೆ. ಇದನ್ನು ಶಾರದಕ್ಕ ನನಗೆ ಫೋನಿನಲ್ಲಿ ಹೇಳಿ, ಮಾತು ಮುಗಿಸದೆ ಇಟ್ಟುಬಿಟ್ಟಳು.

ನೀಲತ್ತೆ ಹೋದದ್ದು ಒಂದು ಮಧ್ಯಾಹ್ನ. ಶಾರದಕ್ಕನ ಎರಡನೆಯ ಬಾಣಂತನ ಮುಗಿದಿತ್ತು, ಕರೆದುಕೊಂಡು ಹೋಗಲು ಭಾವ, ಅವರ ತಂದೆ ತಾಯಿ ಬಂದಿದ್ದರು. ಹೋಳಿಗೆ ಊಟ. ಬೆಳಿಗ್ಗೆಯೇ ಬಸ್ಸು ಹಾರನ್ ಹೊಡೆದಿತ್ತು, ನೀಲತ್ತೆ ಹೊರಟುಹೋಗಿದ್ದಳು. ಹೆದ್ದಾರಿಯಲ್ಲಿ ಗಾಯವಾಗಿದ್ದ ಹೆಂಗಸೊಬ್ಬಳನ್ನು ತಿಪಟೂರಿಗೆ ಸಾಗಿಸಿ ಕ್ರಾಸಿಗೆ ಮರಳಿ, ಟೀ ಅಂಗಡಿಯ ಬೆಂಚಿನ ಮೇಲೆ ಕೂತವಳು ಎದೆ ಹಿಡಿದುಕೊಂಡಳಂತೆ. ಸುತ್ತ ಇದ್ದವರಿಗೆ ಮಲಗಿಸಿ, ಏನೂ ಕುಡಿಸಬ್ಯಾಡಿ ಎಂದಳಂತೆ. ಅವಳು ಕಲಿಸಿದ್ದನ್ನೆಲ್ಲ ಅವರು ಮಾಡಿದರು. ಆಸ್ಪತ್ರೆ ಮುಟ್ಟಲಿಲ್ಲ.

ಹೋಳಿಗೆ ಬಡಿಸುತ್ತಿದ್ದಾಗ ಟೆಂಪೋ ಬಂದು ನಿಂತಿತು. ಹಿಂದೆ ಇನ್ನೊಂದು, ಅದರ ಹಿಂದೆ ಸೈಕಲ್ಲುಗಳು, ಬಸ್ಸಿನಿಂದ ಇಳಿದ ಜನ. ನಮ್ಮ ಕೊಟ್ಟಿಗೆಯ ಬಾಗಿಲಿನ ಮೇಲೆ ಅವಳನ್ನು ಮಲಗಿಸಿ ತಂದು ಅಂಗಳದಲ್ಲಿ ಇಳಿಸಿದರು. ಜಗಲಿಯ ಮೇಲೆ ಇಡಲಿಲ್ಲ. ಕೇಳದೆ ಇಡುವುದು ಹೇಗೆ ಎಂದುಕೊಂಡಿರಬೇಕು. ಬಂದ ಹೆಂಗಸರು ನಮ್ಮವ್ವಾ, ನನ್ನ ಕೂಸು ಉಳಿಸಿದ ತಾಯೀ ಎಂದು ಎದೆ ಬಡಿದುಕೊಂಡು ಅತ್ತರು. ನಮ್ಮ ಮನೆಯ ಹೆಂಗಸರು ಬಾಗಿಲಲ್ಲಿ ಮೂಕರ ಹಾಗೆ ನಿಂತಿದ್ದೆವು. ನಮ್ಮ ಕಡೆ ಸತ್ತವರ ಮುಂದೆ ಸುಮ್ಮನೆ ಅಳುವುದಿಲ್ಲ, ಏನಾಗಬೇಕೋ ಅದನ್ನು ಹಿಡಿದು ಕರೆದು ಅಳುತ್ತೇವೆ. ಅಕ್ಕಾ, ಅತ್ತೇ, ಅತ್ತಿಗೇ. ಆ ಮಾತಿಲ್ಲದೆ ಅಳು ಹೊರಗೆ ಬರುವುದಿಲ್ಲ. ಅವ್ವ ಬೀಗಿತ್ತಿಯನ್ನು ನೋಡಿದಳು, ಸೆರಗು ಬಾಯಿಗೆ ತುರುಕಿಕೊಂಡಳು. ಶಾರದಕ್ಕ ಮಗುವನ್ನು ಎದೆಗೆ ಒತ್ತಿಕೊಂಡು ಒಳಗೆ ಓಡಿದಳು. ನನಗೆ ತಡೆಯಲಾಗಲಿಲ್ಲ. ಇಂದು ಏನಾದರೂ ಆಗಲಿ ಎಂದು ಓಡಿಹೋಗಿ ಅವಳ ಕಾಲ ಮೇಲೆ ಬಿದ್ದು ಕೂಗಿದೆ. ಕೂಗಿದ್ದು ನನ್ನ ಕಿವಿಗೇ ಕೇಳಿಸಿತು. ನೀಲಮ್ಮಾ ಎಂದು ಕೂಗಿದ್ದೆ.

ಹನುಮಂತಣ್ಣ ಕಾಲೆಳೆಯುತ್ತ ಅಪ್ಪನ ಹತ್ತಿರ ಬಂದ. ಅಳುತ್ತಿದ್ದ, ಆದರೂ ಟವೆಲ್ಲನ್ನು ಹೆಗಲಿನಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ವಿನಯವಾಗಿ ನಿಂತ.

“ಯಜಮಾನ್ರೆ, ಅಮ್ಮಂಗೆ ಯಾರೂ ಇಲ್ಲ ಅಂತ ಅವ್ರೇ ಹೇಳೋರು. ಮಣ್ಣು ನಾವೇ ಮಾಡ್ತೀವಿ. ಇಷ್ಟು ವರ್ಷ ನಿಮ್ಮನೇಲಿ ದುಡಿದವ್ರೆ. ತೋಟದ ಬದೀಲಿ ಒಂದು ಮೂಲೆ ಕೊಟ್ರೆ ಉಪಕಾರ ಆಯ್ತದೆ.”

ಆ ತೋಟವನ್ನು ನೆಟ್ಟವನು ಅವಳಪ್ಪ. ಸಸಿಗೆ ನೀರು ಹೊತ್ತವಳು ಅವಳು. ಅಂಗಳದಲ್ಲಿ ನಮ್ಮೂರಿನವರೂ ಇದ್ದರು. ಒಬ್ಬೊಬ್ಬರೂ ಅಪ್ಪನ ಮುಖವನ್ನೇ ನೋಡುತ್ತಿದ್ದರು, ಅವನು ಒಂದು ಮಾತು ಆಡಿದರೆ ಸಾಕು ಎಂದು ಕಾಯುತ್ತಿದ್ದರು. ಜಗಲಿಯ ಮೇಲೆ ಬೀಗರು, ಎಲೆ ಮುಂದಿನಿಂದ ಎದ್ದು ಬಂದವರು, ಹೋಳಿಗೆಯ ಕೈ ಹಾಗೇ ಹಿಡಿದುಕೊಂಡು ನಿಂತಿದ್ದರು. ಅಪ್ಪನ ಬಾಯಿ ಅಲ್ಲಾಡಿತು. ಅಕ್ಕ ಎನ್ನುತ್ತಾನೆ ಎಂದುಕೊಂಡೆ.

“ಕೊಡ್ತೀನಪ್ಪ,” ಎಂದ ಅಪ್ಪ.

ಹನುಮಂತಣ್ಣ ಕೈ ಮುಗಿದ. ದೊಡ್ಡ ಮನಸ್ಸು ನಿಮ್ಮದು, ಕೆಲಸದವರಿಗೆ ಯಾರು ಇಷ್ಟು ಮಾಡುತ್ತಾರೆ ಎಂದ. ವ್ಯಂಗ್ಯವಿರಲಿಲ್ಲ ಅದರಲ್ಲಿ, ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಹೋಗಿ ನೀಲತ್ತೆಯ ತಲೆಯ ಹಿಂದೆ ನಿಂತ. ಅವಳ ದಂಡು ಬಾಗಿಲಿನ ಎರಡೂ ಕಡೆ ಬಗ್ಗಿತು, ಶೆಡ್ಡಿನಲ್ಲಿ ಭಾನುವಾರ ನನ್ನನ್ನು ಎತ್ತಲು ಬಗ್ಗುತ್ತಿದ್ದ ಹಾಗೆಯೇ. ಜೀವವಿದ್ದವರನ್ನು ಎತ್ತುವಾಗ ಎಷ್ಟು ಜೋಪಾನವೋ ಅಷ್ಟೇ ಜೋಪಾನ. ಆಗ ಅಪ್ಪನಿಗೆ ಏನಾಯಿತೋ, ಜನರನ್ನು ಸರಿಸಿಕೊಂಡು ಬಂದು ಬಾಗಿಲಿನ ಅಂಚಿಗೆ ಎರಡೂ ಕೈ ಹಾಕಿದ. ಹನುಮಂತಣ್ಣ ಹೇಳುವ ಮೊದಲೇ ಅವನು ಎತ್ತಹೋಗಿ ಬಾಗಿಲು ಅಲುಗಿತು, ಅವಳ ತಲೆ ಪಕ್ಕಕ್ಕೆ ಹೊರಳಿತು. ಹನುಮಂತಣ್ಣ ಬಗ್ಗಿ ಎರಡೂ ಅಂಗೈಯಲ್ಲಿ ಅದನ್ನು ನೇರ ಮಾಡಿದ. ಆಮೇಲೆ ಮೆಲ್ಲಗೆ, ಬೇಜಾರಾಗದ ಹಾಗೆ ಹೇಳಿದ.

“ನೀವು ಬುಡಿ ಯಜಮಾನ್ರೆ. ಗೊತ್ತಿಲ್ದೋರು ಎತ್ತಬಾರ್ದು ಅಂತ ಅಮ್ಮ ಹೇಳೋರು.”

ಅಪ್ಪ ಕೈ ತೆಗೆದು ಪಕ್ಕಕ್ಕೆ ನಿಂತ. ಹನುಮಂತಣ್ಣ ಎಲ್ಲರನ್ನೂ ಒಮ್ಮೆ ನೋಡಿ, ಎತ್ರಪ್ಪ ಎಂದ.